ನೀರು ಮುಟ್ಟದೆ ಕೂತವಳು

ಮೊದಲೇ ಹೇಳಿಬಿಡುತ್ತೇನೆ, ಸುಮಲತಾಳ ಬಗ್ಗೆ ಶಹಾಪುರದಲ್ಲಿ ಜನ ಆಡುವ ಮಾತು ಅರ್ಧಕ್ಕರ್ಧ ಸುಳ್ಳು. ಪರದೇಶದ ಯೂನಿವರ್ಸಿಟಿಯವರು ಅವಳನ್ನು ಹೊರಗೆ ಹಾಕಿದ್ದರು ಎನ್ನುವುದು ಸುಳ್ಳು. ಆಮೇಲೆ ಅವರ ಕೈಕಾಲು ಹಿಡಿದು ಒಳಗೆ ಸೇರಿಕೊಂಡಳು ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ನಡೆದದ್ದೇನು ಎಂದು ನನಗೆ ಗೊತ್ತು, ಯಾಕೆಂದರೆ ಭಾನುವಾರ ಮಧ್ಯಾಹ್ನ ಅವಳು ಫೋನ್ ಮಾಡುವುದು ನನಗೆ. ನಾನು ಕಲ್ಯಾಣಮ್ಮ. ನಾರಾಯಣಪುರದ ಶಾಲೆಯಲ್ಲಿ ಬಹಳ ವರ್ಷ ಪಾಠ ಹೇಳಿ, ನಿವೃತ್ತಳಾಗಿ, ಈಗ ಶಹಾಪುರದಲ್ಲಿ ಮಂಡಿನೋವು ಸಾಕಿಕೊಂಡು ಇದ್ದೇನೆ. ಮಂಡಿ ಸೋತಿವೆ, ಬಾಯಿ ಇನ್ನೂ ಸೋತಿಲ್ಲ.

ಸುಮಲತಾ ನನ್ನ ಕೈಗೆ ಸಿಕ್ಕಿದ್ದು ನಾರಾಯಣಪುರದಲ್ಲಿ. ಅವಳ ಅಪ್ಪ ಭಾಗಣ್ಣ ಡ್ಯಾಮಿನ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದ. ಅವ್ವ ಸಾಯಬಮ್ಮ ಬುಟ್ಟಿ ಹೊತ್ತು ಕೊಡೇಕಲ್‌ವರೆಗೂ ಹೋಗಿ ಮೀನು ಮಾರಿ ಬರುತ್ತಿದ್ದಳು. ಹುಡುಗಿ ಏಳನೇ ತರಗತಿಯಲ್ಲಿದ್ದಾಗ ಮನೆಯಲ್ಲಿ ತಮ್ಮ ಭೀಮು ಹುಟ್ಟಿದ. ಕೂಸನ್ನು ನೋಡಿಕೊಳ್ಳುವವರು ಯಾರು? ಸುಮಲತಾ ಶಾಲೆಗೆ ಬರುವುದು ನಿಂತಿತು.

ಇಂಥ ಮಕ್ಕಳಿಗಾಗಿ ನನ್ನದೊಂದು ಪದ್ಧತಿ ಇತ್ತು. ಶಾಲೆ ಬಿಟ್ಟ ಮೇಲೆ ನೇರ ಅವರ ಮನೆಗೆ ಹೋಗುತ್ತಿದ್ದೆ. ಬೈಯುತ್ತಿರಲಿಲ್ಲ, ಉಪದೇಶವನ್ನೂ ಮಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಚರಗಿ ನೀರು ಬರುತ್ತದೆ, ಹಿಂದೆಯೇ ಚಹಾ. ಬಂದವರು ಅದನ್ನು ಮುಟ್ಟದೆ ಕೂತರೆ ಆ ಮನೆಯವರಿಗೆ ಓಣಿಯಲ್ಲಿ ತಲೆ ಎತ್ತುವುದು ಕಷ್ಟ. ನಾನು ಮುಟ್ಟುತ್ತಿರಲಿಲ್ಲ. "ಮಗು ಸಾಲಿಗಿ ಬಂದ ದಿನ ಕುಡಿತೀನಿ" ಎಂದು ಹೇಳಿ, ದೀಪ ಹಚ್ಚುವ ಹೊತ್ತಿನ ತನಕ ಕೂತು, ಎದ್ದು ಬರುತ್ತಿದ್ದೆ. ಮರುದಿನ ಮತ್ತೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದ ಲಿಂಗಣ್ಣ ನನ್ನನ್ನು ಕಂಡರೆ ಸಾಕು, "ಇವತ್ತು ಯಾರ ಮನ್ಯಾಗ ಉಪವಾಸ ಅಕ್ಕೋರ?" ಎಂದು ನಗುತ್ತಿದ್ದ. ನಗಲಿ. ಅವನ ಮಗನನ್ನೂ ಹಾಗೇ ಎಳೆದು ತಂದಿದ್ದೆ.

ಭಾಗಣ್ಣನ ಮನೆಯಲ್ಲಿ ಮಾತ್ರ ನನ್ನ ಪದ್ಧತಿಗೆ ಬೇರೆಯೇ ಅರ್ಥ ಬಂತು. ನಾನು ಜಂಗಮರ ಮನೆಯ ಹೆಣ್ಣುಮಗಳು, ಕೊರಳಲ್ಲಿ ಲಿಂಗ. ನೀರು ಬೇಡ ಎಂದ ಕೂಡಲೇ ಸಾಯಬಮ್ಮನ ಮುಖ ಕಪ್ಪಿಟ್ಟಿತು.

"ನಮ್ಮ ಮನಿ ನೀರು ನಿಮಗ ನಡೆಯಂಗಿಲ್ಲ, ಗೊತ್ತದ ಬಿಡ್ರಿ" ಎಂದಳು. ಚರಗಿಯನ್ನು ಹಿಂದಕ್ಕೆ ಒಯ್ಯುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಸಾಯಬವ್ವ, ಆ ಚರಗಿ ಇಲ್ಲೇ ನನ್ನ ಮುಂದ ಇಡು. ನಿನ್ನ ಮಗಳು ಸಾಲಿಗಿ ಬಂದ ದಿನ ಎರಡು ಚರಗಿ ಕುಡಿತೀನಿ, ಓಣಿ ಮಂದಿನೆಲ್ಲ ಕರದು ಅವರ ಮುಂದ ಕುಡಿತೀನಿ. ಅಲ್ಲೀಮಟ ಒಂದು ಹನಿ ಮುಟ್ಟಂಗಿಲ್ಲ."

ಅವಳು ನಂಬಲಿಲ್ಲ. ಆದರೂ ಚರಗಿ ಅಲ್ಲೇ ಇಟ್ಟಳು. ಒಂದು ವಾರ ನಾನು ಅದರ ಮುಂದೆ ಕೂತೆ. ಆಮೇಲೊಂದು ಬೆಳಿಗ್ಗೆ ಸುಮಲತಾ ಭೀಮುವನ್ನು ಟೊಂಕದ ಮೇಲೆ ಹೊತ್ತುಕೊಂಡೇ ಶಾಲೆಗೆ ಬಂದಳು. ಕೂಸನ್ನು ನನ್ನ ಮೇಜಿನ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿಸಿ ಗಣಿತ ಹೇಳಿಕೊಟ್ಟೆ. ಅವತ್ತು ಸಂಜೆ ಅವರ ಅಂಗಳದಲ್ಲಿ, ಓಣಿಯವರೆಲ್ಲ ನೋಡುತ್ತಿದ್ದಂತೆ, ಎರಡು ಚರಗಿ ನೀರು ಕುಡಿದೆ. ಹೊಟ್ಟೆ ಉಬ್ಬಿತು. ಮನೆಯಲ್ಲಿ ನಮ್ಮತ್ತೆ ಕೆಲವು ದಿನ ಮುಖ ಊದಿಸಿಕೊಂಡಿದ್ದರು. ಊದಿಸಿಕೊಳ್ಳಲಿ ಎಂದು ಬಿಟ್ಟೆ.

ಆಮೇಲೆ ಅವಳನ್ನು ಯಾರೂ ತಳ್ಳಬೇಕಾಗಲಿಲ್ಲ. ಸುರಪುರದಲ್ಲಿ ಪಿಯುಸಿ ಓದಿದಳು, ಎಂಜಿನಿಯರಿಂಗ್ ಮಾಡಿದಳು, ಕಾಲುವೆ ನೀರಿನ ಮೇಲೆ ಪಿಎಚ್‌ಡಿ ಮುಗಿಸಿದಳು. ಇನ್ನೂ ಮೂವತ್ತು ತುಂಬುವ ಮೊದಲೇ ನೆದರ್ಲ್ಯಾಂಡ್ಸ್‌ನ ಒಂದು ಯೂನಿವರ್ಸಿಟಿಯಲ್ಲಿ ಮೇಡಂ ಆದಳು. ಆ ಊರಿನ ಹೆಸರು ಹೇಳಬೇಕಾದರೆ ಗಂಟಲಲ್ಲಿ ಮುಳ್ಳು ಸಿಕ್ಕವರ ಹಾಗೆ ಕೆಮ್ಮಬೇಕು. ನಾನು ಎರಡು ಸಲ ಪ್ರಯತ್ನ ಮಾಡಿ ಬಿಟ್ಟುಕೊಟ್ಟೆ.

ಮೊದಮೊದಲು ಅವಳ ಫೋನಿನ ತುಂಬ ದೂರೇ ದೂರು. ಮೇಡಂ ಒಳಗೆ ಬಂದರೆ ಹುಡುಗರು ಏಳುವುದಿಲ್ಲವಂತೆ. ಪಾಠ ನಡೆಯುವಾಗಲೇ ಒಬ್ಬ ಸೇಬು ಕಚ್ಚುತ್ತಾನಂತೆ. ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರಂತೆ, ಅದೂ ಪೂರ್ತಿ ಹೆಸರಲ್ಲ, "ಸೂ" ಎಂದು. ಅದೊಂದನ್ನು ಅವಳು ಸಹಿಸಲಿಲ್ಲ. ಒಂದು ಸೋಮವಾರ ಬೋರ್ಡಿನ ಮೇಲೆ ತನ್ನ ಹೆಸರು ಬರೆದು, ಇಡೀ ಕ್ಲಾಸಿನ ಬಾಯಲ್ಲಿ "ಸುಮಲತಾ" ಎಂದು ಸರಿಯಾಗಿ ಹೇಳಿಸಿದ ಮೇಲೆಯೇ ಪಾಠ ಶುರು ಮಾಡಿದಳು. ಹೆಸರು ಹಿಡಿದು ಕರೆಯುವುದು ಅವರ ರೀತಿಯಾದರೆ ಕರೆಯಲಿ, ಆದರೆ ಪೂರ್ತಿ ಕರೆಯಲಿ ಎನ್ನುವುದು ಅವಳ ಹಟ.

ಊಟದ ಕಥೆ ಬೇರೆ. ಅಲ್ಲಿಯವರಿಗೆ ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡು, ನಡುವೆ ಒಂದು ಚೂರು ಚೀಸು. ಇವಳು ಸಾಯಬಮ್ಮ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಮುರಿದರೆ, ಆ ಸದ್ದಿಗೆ ಸ್ಟಾಫ್ ರೂಮಿನವರೆಲ್ಲ ತಿರುಗಿ ನೋಡಿದರಂತೆ.

"ಮತ್ತೇನು ಮಾಡಿದಿ?" ಎಂದೆ.

"ಇನ್ನೊಂದು ರೊಟ್ಟಿ ಮುರದ್ನಿರಿ" ಎಂದಳು.

ನನಗೆ ಹೊಟ್ಟೆ ತುಂಬಿದ ಹಾಗಾಯಿತು. ಆದರೆ ಆಮೇಲೊಂದು ದಿನ ಅವಳು ಆಡಿದ ಮಾತು ನನ್ನನ್ನು ಬಹಳ ದಿನ ಕಾಡಿತು. ಅಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕಾದರೆ ಮೊದಲೇ ದಿನ ಗೊತ್ತು ಮಾಡಬೇಕು. ಪಕ್ಕದ ಕೋಣೆಯಲ್ಲೇ ಕೂರುವ ಮೇಡಂಗೆ ಇವಳು "ಇವತ್ತು ನಿಮ್ಮ ಮನೆಗೆ ಬರಲೇ?" ಎಂದು ಕೇಳಿದರೆ, ಆಕೆ ಫೋನು ತೆಗೆದು ನೋಡಿ, ಮುಂದಿನ ತಿಂಗಳ ಒಂದು ಗುರುವಾರ ಕೊಟ್ಟಳಂತೆ.

"ಇಲ್ಲಿ ಎಲ್ಲಾ ಬರೋಬ್ಬರಿ ಅದರಿ ಅಕ್ಕೋರ. ರಸ್ತಾ ಚೆಂದ, ಮಂದಿನೂ ಛಲೋ. ಖರೆ ಬಂದು ಒಂದು ವರ್ಷ ಆತು, ಯಾರ ಮನಿ ಬಾಗಿಲಾನೂ ನಾ ಕಂಡಿಲ್ಲ."

ನಾನು ಭೀಮುವಿನ ಐಟಿಐ ಬಗ್ಗೆ ಮಾತು ತಿರುಗಿಸಿದೆ.

ಇಂಥ ಊರಿನಲ್ಲಿ ಅವಳ ಒಬ್ಬ ವಿದ್ಯಾರ್ಥಿನಿ ಕ್ಲಾಸಿಗೆ ಬರುವುದು ಬಿಟ್ಟಳು. ಹೆಸರು ಮರೈಕೆ. ಚುರುಕು ಹುಡುಗಿ, ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳುವವಳು. ಒಂದು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತು, ಅಲ್ಲಿಂದ ಮುಖ ತೋರಿಸಲಿಲ್ಲ. ಸುಮಲತಾ ಮೇಲ್ ಮಾಡಿದಳು, ಉತ್ತರವಿಲ್ಲ. ವಾರಗಳು ಹೋದವು. ಉಳಿದ ಮೇಡಂಗಳು ಅದು ಅವಳ ಇಷ್ಟ ಎಂದರು. ದೊಡ್ಡವಳಾಗಿದ್ದಾಳೆ, ಓದಲಿ, ಬಿಡಲಿ.

ನಮ್ಮ ಸುಮಲತಾಗೆ ಈ "ಬಿಡಲಿ" ಎನ್ನುವುದು ತಿಳಿಯುವುದಿಲ್ಲ. ಅವಳು ಕಲಿತದ್ದು ನನ್ನ ಹತ್ತಿರ. ಹುಡುಗಿಯ ಗೆಳತಿಯರಿಂದ ವಿಳಾಸ ಕೇಳಿಕೊಂಡು, ಸೈಕಲ್ ಹತ್ತಿ, ಹೋಗಿಯೇಬಿಟ್ಟಳು.

ಬಾಗಿಲು ತೆಗೆದವಳು ಮರೈಕೆಯ ಜೊತೆ ಅದೇ ಮನೆಯಲ್ಲಿ ಬಾಡಿಗೆಗೆ ಇದ್ದ ಹುಡುಗಿ. ಬರುವುದಾಗಿ ತಿಳಿಸಿದ್ದೀರಾ ಎಂದು ಕೇಳಿದಳು. ಇಲ್ಲ ಎಂದಳು ಸುಮಲತಾ. ಮರೈಕೆ ಯಾರನ್ನೂ ನೋಡುವುದಿಲ್ಲ ಎಂದು ಹೇಳಿ ಆ ಹುಡುಗಿ ಬಾಗಿಲು ಮುಚ್ಚಿದಳು. ನಮ್ಮವಳು ಮೆಟ್ಟಿಲ ಮೇಲೆ ಕೂತಳು. ಅಲ್ಲಿ ಯಾವಾಗಲೂ ಜಿನುಗುವ ಮಳೆಯೊಂದಿದೆಯಂತೆ, ಅದೂ ಶುರುವಾಯಿತು. ಕೊನೆಗೆ ಆ ಹುಡುಗಿಗೇ ಸಂಕೋಚವಾಯಿತೋ ಏನೋ, ಒಂದು ಲೋಟ ಕರಿ ಚಹಾ ತಂದು ಕೊಟ್ಟಳು. ಸುಮಲತಾ ಬೇಡ ಎಂದಳು. ಮರೈಕೆ ಕ್ಲಾಸಿಗೆ ಬಂದ ದಿನ ಕುಡಿಯುತ್ತೇನೆ ಎಂದಳು. ಅದು ಯಾವ ಸೀಮೆಯ ಮಾತೋ ತಿಳಿಯದೆ ಆ ಹುಡುಗಿ ಮೇಲೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿರಬೇಕು. ಸ್ವಲ್ಪ ಹೊತ್ತಿಗೆ ಮರೈಕೆ ರಗ್ಗು ಹೊದ್ದುಕೊಂಡು, ಕೆದರಿದ ಕೂದಲಲ್ಲಿ ಇಳಿದು ಬಂದಳು. ನೀವು ಯಾಕೆ ಇಲ್ಲಿ ಕೂತಿದ್ದೀರಿ, ನಾನು ಈ ಓದಿಗೆ ಲಾಯಕ್ಕಿಲ್ಲ, ಬಿಡುತ್ತಿದ್ದೇನೆ ಎಂದು ಕೂಗಾಡಿದಳು.

"ನೀ ಏನಂದಿ?" ಎಂದು ನಾನು ಕುರ್ಚಿಯ ತುದಿಗೆ ಬಂದು ಕೇಳಿದೆ.

"ನೀ ಲಾಯಕ್ಕೋ ಅಲ್ಲೋ ಅನ್ನೋದು ನಾ ಹೇಳ್ತೀನಿ, ಅದು ನನ್ನ ಕೆಲಸ. ನಿನ್ನ ಕೆಲಸ ಕ್ಲಾಸಿಗಿ ಬರೋದು ಅಂದ್ನಿರಿ. ಅಷ್ಟ ಹೇಳಿ ಎದ್ದು ಬಂದ್ನಿ."

ಮುಂದಿನ ವಾರ ಮರೈಕೆ ಬಂದಳು. ಹಿಂದಿನ ಸಾಲಿನಲ್ಲಿ ಕೂತಳು. ಇವಳ ಮುಖ ನೋಡಲಿಲ್ಲ, ಮಾತಾಡಲಿಲ್ಲ. ಅದೇ ವಾರ ಅವಳ ಅಪ್ಪನ ದೂರೂ ಬಂತು. ಒಬ್ಬ ಟೀಚರ್ ಹೇಳದೆ ಕೇಳದೆ ನನ್ನ ಮಗಳ ಮನೆ ಬಾಗಿಲಲ್ಲಿ ಕೂತು ಅವಳ ಮೇಲೆ ಒತ್ತಡ ಹಾಕಿದ್ದಾಳೆ ಎಂದು ಅವನು ಬರೆದಿದ್ದ.

ಅವನ ಸಿಟ್ಟು ಸುಳ್ಳು ಎಂದು ನಾನು ಹೇಳುವುದಿಲ್ಲ. ಅವನ ಊರಿನಲ್ಲಿ ಮುಚ್ಚಿದ ಬಾಗಿಲಿಗೆ ಒಂದು ಮರ್ಯಾದೆ ಇದೆ, ನಮ್ಮೂರಿನಲ್ಲಿ ತೆರೆದ ಬಾಗಿಲಿಗೆ ಇರುವ ಹಾಗೆ. ಆದರೆ ಯೂನಿವರ್ಸಿಟಿಯವರು ಮಾಡಿದ್ದು ನೋಡಿ. ಒಂದು ಹಾಳೆ ತಂದು ಇವಳ ಮುಂದೆ ಇಟ್ಟರು. ಅದರಲ್ಲಿ ಮೂರೇ ಮಾತು. ನಾನು ಹೇಳದೆ ಹೋದೆ. ಹೋದದ್ದು ತಪ್ಪು. ಇನ್ನು ಹೋಗುವುದಿಲ್ಲ. ಸಹಿ ಹಾಕಿದರೆ ನೌಕರಿ ಕಾಯಂ ಆಗುತ್ತದೆ, ಇಲ್ಲವಾದರೆ ಆ ಬೇಸಿಗೆಗೆ ಮುಗಿಯುತ್ತದೆ. ಅವಳ ವಿಭಾಗದ ಮುಖ್ಯಸ್ಥ ಪಾಪದ ಮನುಷ್ಯ, ಒಂದು ಸಹಿ ತಾನೇ, ಹಾಕಿಬಿಡು ಎಂದನಂತೆ.

ಸಾಯಬಮ್ಮನೂ ಅದನ್ನೇ ಹೇಳಿದಳು. ನಾನೂ ಅದನ್ನೇ ಹೇಳಿದೆ. ಹೌದು, ನಾನೇ. ಅಷ್ಟು ದೂರ ಹೋದ ಹುಡುಗಿ ಒಂದು ಹಾಳೆಗಾಗಿ ಎಲ್ಲ ಕಳೆದುಕೊಳ್ಳುತ್ತಾಳಲ್ಲ ಎಂದು ಹೆದರಿಕೆಯಾಯಿತು.

"ಒಂದು ಸಹಿ ಹಾಕಿದ್ರ ಕೈ ಸವೀತಾವೇನು? ಹಾಕು."

ಅವಳು ಮೆಲ್ಲಗೆ ಕೇಳಿದಳು: "ಹಂಗಾದ್ರ ನೀವು ನಮ್ಮ ಅಂಗಳಕ್ಕ ಬಂದು ಕುಂತಿದ್ದು ತಪ್ಪೇನ್ರಿ ಅಕ್ಕೋರ?"

ಹಾಕು ಎನ್ನುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

"ಹೇಳದ ಹೋದ್ನಿ, ಅದು ಖರೆ, ಅದಕ್ಕ ಸಹಿ ಹಾಕ್ತೀನಿ. ಇನ್ನ ಮ್ಯಾಲ ಕೇಳಿನೇ ಹೋಗ್ತೀನಿ, ಅದಕ್ಕೂ ಹಾಕ್ತೀನಿ. ನಡುವಿನ ಮಾತಿಗಿ ಹಾಕಂಗಿಲ್ಲ. ನೌಕರಿ ಹೋದ್ರ ಹೋಗ್ಲಿ" ಎಂದಳು.

ಇದನ್ನೇ ಅವರ ಸಮಿತಿಯ ಮುಂದೆಯೂ ಹೇಳಿದಳು. ಮೂವರು ಕೂತಿದ್ದರು, ಮೇಜಿನ ಮೇಲೆ ಗಾಜಿನ ಹೂಜಿ. ಒಬ್ಬಾಕೆ ನಗುತ್ತಲೇ ಲೋಟಕ್ಕೆ ನೀರು ಹಾಕಿ ಇವಳ ಮುಂದೆ ಸರಿಸಿದಳು. ಮಾತು ಮುಗಿಯುವ ತನಕ ಸುಮಲತಾ ಆ ಲೋಟ ಮುಟ್ಟಲಿಲ್ಲ.

"ಯಾರರ ನೋಡಿದ್ರೇನು?" ಎಂದು ಕೇಳಿದೆ.

"ಯಾರೂ ನೋಡ್ಲಿಲ್ರಿ. ಕಡೀಕ ಅದನ್ನ ಒಯ್ದು ಮೂಲ್ಯಾಗಿನ ಗಿಡಕ್ಕ ಸುರುವಿದ್ರು."

ದೂರು, ಹಾಳೆ, ನೌಕರಿ ಇವುಗಳಿಗೆ ಅಳದವಳು ಆ ಲೋಟಕ್ಕೆ ಅತ್ತಳು. ನನಗೆ ಅದು ಅರ್ಥವಾಯಿತು. ತಾನು ಮುಟ್ಟದೆ ಕೂತದ್ದೇ ಯಾರಿಗೂ ಕಾಣದ ಊರಿನಲ್ಲಿ ಅವಳಿದ್ದಳು.

ಸಮಿತಿ ತನ್ನ ತೀರ್ಮಾನ ಆಮೇಲೆ ತಿಳಿಸುತ್ತೇವೆ, ಅಲ್ಲಿಯವರೆಗೆ ಪಾಠ ನಡೆಸಿ ಎಂದಿತ್ತು. ಇವಳು ನಡೆಸಲಿಲ್ಲ. ರಜೆ ಹಾಕಿ ಕೋಣೆಯಲ್ಲಿ ಕೂತಳು. ಹೈದರಾಬಾದಿಗೆ ಟಿಕೆಟ್ಟೂ ತೆಗೆಸಿದಳು. ಸುರಪುರದಲ್ಲಿ ಯಾವುದಾದರೂ ಕಾಲೇಜು ಸಿಕ್ಕೇ ಸಿಗುತ್ತದೆ ಎಂದಳು.

"ಸುರಪುರಕ್ಕ ಬಾ, ಬ್ಯಾಡ ಅಂದವರ್ಯಾರು? ಸುರಪುರಕ್ಕೇನು ಕಮ್ಮಿ ಆಗ್ಯಾದ? ಖರೆ ಅವರು ಹೊರಗ ಹಾಕೂಕ್ಕಿಂತ ಮೊದಲ ನೀನಾಗೇ ಓಡಿ ಬರಬ್ಯಾಡ" ಎಂದು ಕೂಗಿದೆ. ಅವಳು ಫೋನಿಟ್ಟಳು.

ಮರುದಿನ ಮಂಡಿಗೆ ಪಟ್ಟಿ ಸುತ್ತಿ ನಾರಾಯಣಪುರದ ಬಸ್ಸು ಹತ್ತಿದೆ. ಸಾಯಬಮ್ಮ ಕಟ್ಟೆ ಸಾರಿಸುತ್ತಿದ್ದಳು. ಮಗಳು ಬರುತ್ತಾಳೆಂದು ಮುಖದ ಮೇಲೆ ಇಷ್ಟಗಲ ನಗೆ. ಒಳಗೆ ಹೋಗಿ ನೀರು ತಂದಳು. ನಾನು ಚರಗಿಯನ್ನು ನನ್ನ ಮುಂದೆ ಇಟ್ಟುಕೊಂಡೆ.

"ಆಕಿ ಕ್ಲಾಸಿಗಿ ಹೋದ ದಿನ ಕುಡಿತೀನಿ."

ಸಾಯಬಮ್ಮ ಕೆರಳಿದಳು. "ಆಕಿ ಈಗೇನು ಏಳನೇತ್ತಾ ಇದ್ದಾಳೇನ್ರಿ? ದಣದಾಳ, ಮನಿಗಿ ಬರ್ತೀನಿ ಅಂತಾಳ, ಬರ್ಲಿ ಬಿಡ್ರಿ!" ಎಂದಳು. ಎಂದವಳೇ ಸಿಟ್ಟಿನಲ್ಲಿ ಮಗಳಿಗೆ ಫೋನ್ ಹಚ್ಚಿದಳು. "ನೋಡವ್ವ, ಅಕ್ಕೋರು ಬಂದು ಕುಂತಾರ, ನೀರು ಮುಟ್ಟವಲ್ರು."

ಸುಮಲತಾಳ ಉತ್ತರ ನನಗೂ ಕೇಳಿಸಿತು. "ನಾ ಈಗ ಸಣ್ಣ ಹುಡುಗಿ ಅಲ್ಲ. ಈ ಆಟ ನನ್ನ ಮ್ಯಾಲ ನಡೆಯಂಗಿಲ್ಲ ಅಂತ ಅವರಿಗಿ ಹೇಳು."

ಸಂಜೆಯ ಬಸ್ಸಿಗೆ ಬಾಯಾರಿಕೊಂಡೇ ವಾಪಸು ಬಂದೆ. ನನ್ನ ಪದ್ಧತಿ ಮೊದಲ ಸಲ ಸೋತಿತ್ತು. ಸೋಲಿಸಿದವಳು ನಾನೇ ತಯಾರು ಮಾಡಿದ ಹುಡುಗಿ ಎಂದು ಹೆಮ್ಮೆ ಪಡಲೋ, ಕೆನ್ನೆಗೆ ಬಾರಿಸಲೋ ತಿಳಿಯಲಿಲ್ಲ.

ಅದೇ ವಾರ, ಭಾನುವಾರ ಅಲ್ಲದ ದಿನ, ಸುಮಲತಾಳ ಫೋನ್ ಬಂತು. ಉಸಿರಾಡಲು ಬಿಡುವಿಲ್ಲದ ಹಾಗೆ ಮಾತಾಡಿದಳು. ಬಾಗಿಲ ಗಂಟೆ ಸದ್ದಾಯಿತಂತೆ. ಅಲ್ಲಿಗೆ ಹೋದಾಗಿನಿಂದ ಹೇಳದೆ ಕೇಳದೆ ಆ ಗಂಟೆ ಬಾರಿಸಿದವರೇ ಇಲ್ಲ. ತೆರೆದರೆ ಮರೈಕೆ ನಿಂತಿದ್ದಳು. ಕೋಟೆಲ್ಲ ತೊಯ್ದಿತ್ತು.

"ನಿಮ್ಮ ಬದಲು ಯಾರೋ ಬಂದು ಸ್ಲೈಡ್ ಓದುತ್ತಿದ್ದಾರೆ, ನನಗೆ ಏನೂ ತಿಳಿಯುತ್ತಿಲ್ಲ" ಎಂದಳಂತೆ. ಅಪ್ಪ ಬರೆದದ್ದಕ್ಕೆ ಕ್ಷಮೆ ಕೇಳಲಿಲ್ಲ. ನೀವು ಅವತ್ತು ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಲಿಲ್ಲ. ಅವತ್ತು ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು, ಈಗಲೂ ಸ್ವಲ್ಪ ಇದೆ ಎಂದಳಂತೆ. ಹುಡುಗಿ ನನಗೆ ಆಗಲೇ ಹಿಡಿಸಿದಳು.

ಸುಮಲತಾ ಒಳಗೆ ಕರೆದು ಕೂಡಿಸಿ, ಹಾಲು ಹಾಕಿ, ಶುಂಠಿ ಜಜ್ಜಿ ಚಹಾ ಮಾಡಿ ಕೊಟ್ಟಳು.

"ಮುಟ್ಲಿಲ್ರಿ ಅಕ್ಕೋರ! ಲೋಟ ಹಿಂದಕ ಸರಿಸಿದ್ಲು. ನೀವು ಕ್ಲಾಸಿಗೆ ಬಂದ ದಿನ ಕುಡಿತೀನಿ ಅಂತ ಹೇಳಿ, ಎದ್ದು ಹೋಗ್ಯಾಳ."

ನಾನು ನಕ್ಕೆ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡೆ. "ಮತ್ತ? ಈ ಆಟ ನಿನ್ನ ಮ್ಯಾಲ ನಡೀತೋ ಇಲ್ಲೋ?"

"ನಾಳೆ ಒಂಬತ್ತಕ್ಕ ಕ್ಲಾಸ್ ಅದರಿ" ಎಂದಳು. "ಟಿಕೆಟ್ ವಾಪಸ್ ಮಾಡೀನಿ."

ಹೋದಳು. ಹೆಸರು ಪೂರ್ತಿ ಹೇಳಿಸಿಕೊಂಡೇ ಪಾಠ ಶುರು ಮಾಡಿದಳಂತೆ. ಆ ತಿಂಗಳ ಕೊನೆಗೆ ಸಮಿತಿಯ ತೀರ್ಮಾನ ಬಂತು. ಕಾಯಂ ಮಾಡಲಿಲ್ಲ, ಇನ್ನೊಂದು ವರ್ಷ ನೋಡುತ್ತೇವೆ ಎಂದರು. ಆದರೆ ಆ ಹಾಳೆಯ ನಡುವಿನ ಮಾತನ್ನು ಅವರೇ ಹೊಡೆದುಹಾಕಿದ್ದರು. ಉಳಿದ ಎರಡಕ್ಕೆ ಅವಳು ಸಹಿ ಹಾಕಿದಳು. ಕಾಲು ಹಿಡಿದಳು ಎನ್ನುವ ಶಹಾಪುರದ ಮಂದಿ ಈಗಲಾದರೂ ಕಿವಿ ತೊಳೆದುಕೊಳ್ಳಲಿ.

ನನ್ನದೊಂದು ಬಾಕಿ ಇತ್ತು. ಮತ್ತೆ ನಾರಾಯಣಪುರದ ಬಸ್ಸು ಹತ್ತಿದೆ. ಸಾಯಬಮ್ಮ ಕಟ್ಟೆಯ ಮೇಲೇ ಕೂತಿದ್ದಳು, ಈ ಸಲ ನಗೆ ಇರಲಿಲ್ಲ. ನನ್ನನ್ನು ಕಂಡು ಒಳಗೆ ಹೋಗಿ ಚರಗಿ ತಂದಳು. ನಾನು ಎತ್ತಿ ಗಟಗಟ ಕುಡಿದೆ. ಕೇಳದೆಯೇ ಎರಡನೆಯದನ್ನೂ ತಂದಳು. ಕೊಡುವಾಗ ಮಾತ್ರ ಒಂದು ಕ್ಷಣ ಅದನ್ನು ಬಿಡಲಿಲ್ಲ.

"ನನ್ನ ಮಗಳನ್ನ ನೀವು ಎರಡು ಸಲ ಕರಕೊಂಡು ಹೋದ್ರಿ ಅಕ್ಕೋರ" ಎಂದಳು.

ಆಮೇಲೆ ಚರಗಿಯಿಂದ ಕೈ ತೆಗೆದಳು. ಆ ಚರಗಿಯನ್ನೂ ಖಾಲಿ ಮಾಡಿ ಕೊಟ್ಟೆ.